ಏಡಿ ಬಿಡಿಸುವ ಚಾಕು

ಮೊನ್ನೆ ನನ್ನ ಮೊಮ್ಮಗಳು ಜಾನು ಅಡುಗೆಮನೆಯ ಡ್ರಾಯರನ್ನು ಬುಡಸಮೇತ ಹೊರಗೆಳೆದು ನೆಲಕ್ಕೆ ಸುರಿದಳು. ಬೈಯಬೇಕಿತ್ತು, ಬೈಯಲಿಲ್ಲ. ಡ್ರಾಯರ್ ಎಳೆಯುವಷ್ಟು ಬಲ ಬಂತಲ್ಲ ನನ್ನ ಬಂಗಾರಕ್ಕೆ ಎಂದು ಹಿಗ್ಗಿ, ಸ್ಪೂನುಗಳ ರಾಶಿಯ ಮಧ್ಯೆ ನಾನೂ ಕಾಲು ಚಾಚಿ ಕೂತೆ. ಸೌಟು, ತುರಿಮಣೆ, ಎಲ್ಲಿಯದೋ ಹೋಟೆಲಿನ ಉಪ್ಪಿನ ಪೊಟ್ಟಣ, ಇವುಗಳ ಅಡಿಯಿಂದ ಅವಳು ಒಂದು ಮೋಟು ಚಾಕು ಎತ್ತಿದಳು.

"ಅಜ್ಜಿ, ಇದು ಬೇಬಿ ನೈಫಾ?"

ಹೆಬ್ಬೆರಳಿನಷ್ಟುದ್ದದ ಅಲಗು, ಅಂಗೈ ತುಂಬುವ ಮರದ ಹಿಡಿ. ಆ ಹಿಡಿಯಲ್ಲಿ ಒಂದು ಗುಳಿ ಇದೆ. ಮಾಡಿದವನು ಮಾಡಿದ ಗುಳಿಯಲ್ಲ ಅದು. ಒಬ್ಬ ಹೆಂಗಸಿನ ತೋರುಬೆರಳು ಐವತ್ತು ವರ್ಷ ಒತ್ತಿ ಒತ್ತಿ ಆದದ್ದು. ನನ್ನ ಬೆರಳು ಅಲ್ಲಿ ಸರಿಯಾಗಿ ಕೂರುವುದಿಲ್ಲ, ನನ್ನದು ದಪ್ಪ.

ಓದುವವರೇ, ನಾನು ಮೂರನೇ ಕ್ಲಾಸು ದಾಟದವಳು. ಗಂಗೊಳ್ಳಿ ಬಂದರಿನಲ್ಲಿ ಮೀನು ಬುಟ್ಟಿ ಹೊತ್ತವಳು. ಬರೆದದ್ದನ್ನು ಮಗಳು ಸುಮತಿ ತಿದ್ದಿದ್ದಾಳೆ. ಅವಳು ತಿದ್ದಿದ್ದನ್ನು ಕೆಲವು ಕಡೆ ನಾನು ಮತ್ತೆ ತಿದ್ದಿದ್ದೇನೆ. ಮೊಮ್ಮಗಳ ವಿಷಯ ಬಂದರೆ ನನ್ನ ಬಾಯಿಗೆ ಬಾಗಿಲಿಲ್ಲ, ಅದೂ ನಿಮಗೆ ಗೊತ್ತಿರಲಿ. ಆದರೆ ಈ ಚಾಕುವಿನ ಮಾತು ಹಿಗ್ಗಿನ ಮಾತಲ್ಲ. ನಾನು ಹಿಗ್ಗಿದ್ದರಿಂದಲೇ ಒಂದು ಮನೆ ಮುಳುಗಿದ ಮಾತು.

ಜಾನು ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ನಾನು ಬಾಣಂತನಕ್ಕೆಂದು ಅಂಟಿನುಂಡೆ, ಕರಿಮೆಣಸು, ಬೆಳ್ಳುಳ್ಳಿ ಕಟ್ಟಿಕೊಂಡು ಬಂದು ಅಮೆರಿಕದ ರೆಸ್ಟನ್‌ನಲ್ಲಿ ಇಳಿದರೆ ಮನೆಯಲ್ಲಿ ತೊಟ್ಟಿಲೇ ಇಲ್ಲ. ಮಗು ಆಸ್ಪತ್ರೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಮೂಗಿಗೊಂದು ಕೊಳವೆ, ಪಾದಕ್ಕೊಂದು ತಂತಿ. ನಾನು ಜೀವಮಾನವಿಡೀ ಪೆಟ್ಟಿಗೆಗೆ ಮಂಜುಗಡ್ಡೆ ತುಂಬಿ ಸತ್ತದ್ದು ಕೆಡದ ಹಾಗೆ ನೋಡಿಕೊಂಡವಳು. ಇಲ್ಲಿ ಪೆಟ್ಟಿಗೆಗೆ ಬಿಸಿ ತುಂಬಿ ಬದುಕಿದ್ದನ್ನು ಉಳಿಸುತ್ತಿದ್ದರು. ನಾನು ಗಾಜಿಗೆ ಮೂಗು ಒತ್ತಿ ನಿಂತೆ. ಅವಳು ನನ್ನ ಕಡೆಗೇ ಒಂದು ಕಣ್ಣು ಬಿಟ್ಟಳು. ಎರಡನೆಯದನ್ನು ಬಿಡಲು ಬಲ ಸಾಲಲಿಲ್ಲವೇನೋ! ಅಷ್ಟಕ್ಕೇ ನಾನು ಅಜ್ಜಿಯಾಗಿಬಿಟ್ಟೆ.

ಮಗು ಬಾಯಿಂದ ಚೀಪುತ್ತಿರಲಿಲ್ಲ. ಸುಮತಿಗೆ ಹಾಲೂ ಇಳಿಯುತ್ತಿರಲಿಲ್ಲ. ನಮ್ಮ ಕಡೆ ಬಾಣಂತಿಗೆ ಹಾಲು ಬಾರದಿದ್ದರೆ ಡಾಕ್ಟರಿಗಿಂತ ಮೊದಲು ತೊರಕೆ ಮೀನಿನ ನೆನಪಾಗುತ್ತದೆ. ಮೊರದ ಹಾಗೆ ಚಪ್ಪಟೆ ಮೈ, ಚಾಟಿಯ ಹಾಗೆ ಬಾಲ. ಕರಿಮೆಣಸು ಬೆಳ್ಳುಳ್ಳಿ ಅರೆದು ಹಾಕಿ ಸಾರು ಮಾಡಿದರೆ ಕಲ್ಲಿನಲ್ಲೂ ಹಾಲು ಬರುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದರು.

"ಅಮ್ಮ, ನಾನ್ ನರ್ಸ್. ಮೀನ್ ತಿಂದ್ರೆ ಹಾಲ್ ಬತ್ತಿಲ್ಲೆ" ಎಂದಳು ಸುಮತಿ.

"ನಿನ್ನನ್ನ್ ಹೆತ್ತಾಗ ನಿನ್ನಜ್ಜಿ ತೊರ್ಕಿ ಸಾರ್ ಹಾಕ್ದೇ ಇದ್ರೆ ನೀನ್ ನರ್ಸ್ ಆತಿದ್ಯಾ? ಕಾಂಬ!"

ಮಗುವನ್ನು ನೋಡಿಕೊಳ್ಳುತ್ತಿದ್ದ ನರ್ಸು ಡಾನಾ ಸುಮತಿಯ ಸ್ನೇಹಿತೆ. ಇಬ್ಬರೂ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವರು. ನಾನು ಅವಳ ಮುಂದೆ ಕೈ ಒರೆಸುವ ಕಾಗದದ ಮೇಲೆ ತೊರಕೆಯ ಚಿತ್ರ ಬರೆದೆ. ಅವಳು ನೋಡಿ ನಕ್ಕಳು. ಅವಳ ತವರು ಕೊಲ್ಲಿಯ ನಡುವಿನ ಒಂದು ದ್ವೀಪ, ಅಲ್ಲಿ ಈ ಮೀನು ಬಲೆಗೆ ಬಿದ್ದರೆ ಕಸವೆಂದು ಬಿಸಾಡುತ್ತಾರಂತೆ. "ಶನಿವಾರ ಹೋಗಿ, ನನ್ನಮ್ಮ ಎಡ್ನಾ ಮನೆಯಲ್ಲೇ ಇರುತ್ತಾಳೆ. ಮಗು ಹತ್ತಿರ ನಾನಿರುತ್ತೇನೆ" ಎಂದಳು.

ಹೊರಟದ್ದು ನಾನು ಮತ್ತು ಅಳಿಯ ಪ್ರಸಾದ. ಅವನು ಮೈಸೂರಿನವನು. ಮೊಟ್ಟೆಯನ್ನೂ ಮುಟ್ಟದ ಮನೆತನ.

"ಮೂರು ಗಂಟೆ ಡ್ರೈವು, ಆಮೇಲೆ ಬೋಟು. ಒಂದು ಮೀನಿಗೆ, ಅತ್ತೆ! ನಮ್ಮಮ್ಮಂಗೆ ಗೊತ್ತಾದ್ರೆ ಜನಿವಾರ ಅವರೇ ಕಿತ್ಕೋತಾರೆ."

"ನಿಮ್ಮಮ್ಮಂಗೆ ಮೊಮ್ಮಗು ಬೇಕಾ, ಜನಿವಾರ ಬೇಕಾ, ಕೇಣಿ" ಎಂದೆ. ಬಡಪಾಯಿ, ಮ್ಯಾಪ್ ಬಿಡಿಸಿದ.

ದ್ವೀಪ ಎಂದರೆ ನಾನು ಗುಡ್ಡ ಇರುತ್ತದೆ ಎಂದುಕೊಂಡಿದ್ದೆ. ಇದು ನೀರಿನ ಮೇಲೆ ಇಟ್ಟ ತಟ್ಟೆಯ ಅಂಚಿನಷ್ಟೇ ಎತ್ತರ. ಬಂದರಿನಲ್ಲಿ ಕಂಬಗಳ ಮೇಲೆ ನಿಂತ ಹಲಗೆ ಶೆಡ್ಡುಗಳು, ಹೆಂಡತಿ ಮಕ್ಕಳ ಹೆಸರು ಬರೆದ ಬಿಳಿ ದೋಣಿಗಳು. ಸಮಾಧಿಗಳು ಮನೆಯಂಗಳದಲ್ಲೇ. ಕೊನೆಯ ಸಾಲಿನ ಕಲ್ಲುಗಳು ನೀರಿನ ಕಡೆ ವಾಲಿದ್ದವು. ಅದರಾಚೆಗೂ ಒಂದು ಸಾಲು ಇತ್ತಂತೆ, ಈಗ ಕೊಲ್ಲಿಯಲ್ಲಿದೆಯಂತೆ. ಒಂದೇ ಅಂಗಡಿ, ಅರ್ಧ ಕಪಾಟು ಖಾಲಿ. ಪೊಲೀಸಿಲ್ಲ, ಕೋರ್ಟಿಲ್ಲ, ಊರ ಅಧ್ಯಕ್ಷನಿಲ್ಲ. ಜಗಳವಾದರೂ ದೀಪ ಕೆಟ್ಟರೂ ಚರ್ಚಿನ ಗಂಟೆ ಬಾರಿಸುವುದು, ಎಲ್ಲರೂ ಸೇರಿ ಕೈಯೆತ್ತಿ ತೀರ್ಮಾನ ಮಾಡುವುದು.

ಆ ಬಂದರು ಚೆನ್ನಾಗಿತ್ತು ಎಂದು ಪ್ರಸಾದನ ಅಭಿಪ್ರಾಯ. ನನಗೆ ಹಾಗನ್ನಿಸಲಿಲ್ಲ. ಬದುಕಿರುವ ಬಂದರು ನಾರಬೇಕು. ಗಂಗೊಳ್ಳಿಯಲ್ಲಿ ಏಲಂ ಕೂಗುವವನ ಗಂಟಲು, ಮಂಜುಗಡ್ಡೆ ಒಡೆಯುವ ಸದ್ದು, ಕಾಗೆ, ನಾಯಿ, ಬುಟ್ಟಿಗಾಗಿ ಕಿತ್ತಾಡುವ ನಾವು. ಮೂಗು ಮುಚ್ಚದೆ ಯಾರೂ ಹತ್ತಿರ ಬರುವಂತಿಲ್ಲ. ಇಲ್ಲಿ ಗಾಳಿ ತೊಳೆದಿಟ್ಟ ಹಾಗಿತ್ತು. ತೊಳೆದಿಟ್ಟದ್ದು ಎಂದರೆ ಹೆಣದ ನೆನಪಾಗುತ್ತದೆ ನನಗೆ.

ಆದರೆ ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ, ಅಯ್ಯೋ, ತೊರಕೆಯ ರಾಶಿ! ಇಪ್ಪತ್ತು ಇಪ್ಪತ್ತೈದು. ನೊಣ ಕೂರುವ ಮೊದಲು ನಾನು ಕೂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿವಿರು ಎತ್ತಿ ನೋಡಿ, ಹಸಿಯಾಗಿದ್ದ ಎರಡು ಆರಿಸಿದೆ. ದೋಣಿಯವರು ಕೆಲಸ ಬಿಟ್ಟು ನೋಡಿದರು. ಪ್ರಸಾದ ಕರವಸ್ತ್ರದೊಳಗಿಂದ "ಶಿ ಈಸ್ ಮೈ ಮದರ್-ಇನ್-ಲಾ" ಎಂದು ಒಬ್ಬೊಬ್ಬರಿಗೂ ವಿವರಿಸುತ್ತಿದ್ದ.

ಎಡ್ನಾಳನ್ನು ನಾನು ಮೊದಲ ಗಳಿಗೆಯಿಂದಲೇ ಎಡ್ನಮ್ಮ ಎಂದೆ. ನನ್ನ ವಾರಗೆಯವಳು, ಸಣ್ಣ ಮೈ, ಕೆಂಪು ಕೈ. ಅಡುಗೆಮನೆಯ ಮೇಜಿನ ಮೇಲೆ ಪೇಪರ್ ಹಾಸಿ, ಬೇಯಿಸಿದ ಏಡಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಚಿಪ್ಪು ತೆಗೆದು ಚಾಕುವಿನ ತುದಿಯಿಂದ ಒಂದೇ ತಿರುವಿಗೆ ಬಿಳಿ ಮಾಂಸವನ್ನು ಇಡಿಯಾಗಿ ಎತ್ತಿ ಡಬ್ಬಿಗೆ ಹಾಕುತ್ತಿದ್ದಳು. ಒಂದು ಡಬ್ಬಿಗೆ ಒಂದು ಪೌಂಡು. ತಕ್ಕಡಿ ಪಕ್ಕದಲ್ಲೇ ಇತ್ತು, ಅದರ ಮೇಲೆ ಧೂಳು ಕೂತಿತ್ತು. ಅವಳ ಕೈಗೆ ತೂಕ ಗೊತ್ತಿತ್ತು.

ಮೇಜಿನ ಪಕ್ಕದ ಬಾಗಿಲು ತೆರೆದೇ ಇತ್ತು. ಒಳಗೆ ಮಂಚದಲ್ಲಿ ಅವಳ ಗಂಡ. ಲಕ್ವ ಹೊಡೆದು ಮೂರು ವರ್ಷ. ನಾಲ್ಕೈದು ಡಬ್ಬಿ ತುಂಬುತ್ತಿದ್ದಂತೆ ಎಡ್ನಮ್ಮ ಕೈ ತೊಳೆದು ಹೋಗಿ ಅವನ ಮಗ್ಗುಲು ಬದಲಿಸಿ ಬರುತ್ತಿದ್ದಳು. ಕಿಟಕಿಯಲ್ಲಿ ಬಂದರು ಕಾಣುತ್ತಿತ್ತು. ಯಾವ ದೋಣಿ ವಾಪಸು ಬಂತೆಂದು ಇಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಅವನು ಗಂಟಲಲ್ಲಿ ಏನೋ ಸದ್ದು ಮಾಡುತ್ತಿದ್ದ. ಆ ಸದ್ದಿಗೆ ಅವಳು ನಗುತ್ತಿದ್ದಳು. ಬೈಗುಳವೇ ಇರಬೇಕು.

ಆ ಹೊತ್ತಿಗೆ ಊರಿನ ತಲೆಯ ಮೇಲೆ ತೂಗುತ್ತಿದ್ದ ಕತ್ತಿಯನ್ನು ಪ್ರಸಾದ ನನಗೆ ಕನ್ನಡದಲ್ಲಿ ಹೇಳಿದ. ಮನೆಯ ಅಡುಗೆಮನೆಯಲ್ಲಿ ಬಿಡಿಸಿದ ಏಡಿ ಮಾರಕೂಡದು ಎಂದು ಸರಕಾರದ ಅಪ್ಪಣೆ ಬಂದಿತ್ತು. ಊರವರೆಲ್ಲ ಒಪ್ಪಿ, ಸ್ಟೀಲ್ ಮೇಜು ಹಾಕಿದ ಒಂದು ಶೆಡ್ ಕಟ್ಟಿ ಅಲ್ಲಿಯೇ ಬಿಡಿಸಬೇಕೋ, ಇಲ್ಲ ಒಪ್ಪದೆ ಇನ್ನೂ ಜಗ್ಗಾಡಬೇಕೋ? ಅದೇ ದಿನ ನಾಲ್ಕು ಗಂಟೆಗೆ ಚರ್ಚಿನಲ್ಲಿ ಸಭೆ.

"ಶೆಡ್ ಆದರೆ ಇವರ ಕಥೆ ಮುಗೀತಂತೆ ಅತ್ತೆ" ಎಂದ ಪ್ರಸಾದ. "ಇವರು ಅಲ್ಲಿ ಕೂತ್ರೆ ಗಂಡನ್ನ ಯಾರು ನೋಡ್ತಾರೆ? ಇಲ್ಲೇ ಕೂತ್ರೆ ಏಡಿ ಮಾರೋ ಹಾಗಿಲ್ಲ. ದ್ವೀಪನೇ ಬಿಡಬೇಕಾಗುತ್ತೆ ಅಂತಿದಾರೆ."

ಎಡ್ನಮ್ಮ ನನ್ನ ಮುಖ ನೋಡಿದಳು. ಹೆಂಗಸರಿಗೆ ಇಷ್ಟು ತಿಳಿಯಲು ಇಂಗ್ಲಿಷು ಬೇಡ. ನಾನೂ ಒಂದು ಏಡಿ ತೆಗೆದುಕೊಂಡು ಕೂತೆ. ನಾನು ಕಾಲು ಮುರಿದು ಹಲ್ಲಿನಲ್ಲಿ ಕಚ್ಚಿ ಬಿಡಿಸುವವಳು. ಅವಳು ಬಿದ್ದು ಬಿದ್ದು ನಕ್ಕು ನನ್ನ ಕೈಗೆ ತನ್ನ ಚಾಕು ಕೊಟ್ಟು, ನನ್ನ ಬೆರಳನ್ನು ಆ ಗುಳಿಯ ಮೇಲಿಟ್ಟು ಒತ್ತಿದಳು. ಅವಳು ಹತ್ತು ಏಡಿ ಮುಗಿಸುವಾಗ ನಾನು ಒಂದನ್ನು ಚೂರು ಚೂರು ಮಾಡಿದೆ. ಗಂಗೊಳ್ಳಿಯಲ್ಲಿ ಮೀನು ಕೊಯ್ಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ ಎಂದು ಹೇಳಿಸೋಣವೆಂದರೆ ಪ್ರಸಾದ ಅಂಗಳದಲ್ಲಿ ಗಾಳಿ ಕುಡಿಯಲು ಹೋಗಿದ್ದ.

ಆಮೇಲೆ ಅವಳು ತನ್ನ ಎದೆಯ ಹತ್ತಿರ ಕೈಯಲ್ಲಿ ತೊಟ್ಟಿಲು ಮಾಡಿ ತೂಗಿ, ಡಬ್ಬಿಗಳನ್ನು ತೋರಿಸಿ ಹುಬ್ಬು ಏರಿಸಿದಳು. ಮಗು ಎಷ್ಟು ತೂಕ? ನಾನು ತುಂಬಿದ ಮೂರು ಡಬ್ಬಿ ಸಾಲಾಗಿ ಇಟ್ಟೆ. ಮೂರನೆಯದರಿಂದ ಒಂದು ಹಿಡಿ ತೆಗೆದೆ. ಎಡ್ನಮ್ಮ ಆ ಮೂರನ್ನೂ ಎತ್ತಿ ಅಂಗೈ ಮೇಲೆ ಇಟ್ಟುಕೊಂಡಳು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಆ ಡಬ್ಬಿಗಳನ್ನು ಮಾರುವ ಸಾಲಿಗೆ ಸೇರಿಸಲಿಲ್ಲ, ಬೇರೆ ಇಟ್ಟಳು.

ನಾಲ್ಕಕ್ಕೆ ಚರ್ಚಿನ ಗಂಟೆ ಬಾರಿಸಿದರು. ಗಂಡನ ಹತ್ತಿರ ನೆರೆಮನೆಯ ಹುಡುಗಿಯನ್ನು ಕೂರಿಸಿ ಎಡ್ನಮ್ಮ ನಮ್ಮನ್ನೂ ಕರೆದೊಯ್ದಳು. ಚರ್ಚಿನಲ್ಲಿ ಎಸಿ ಮಂಜಿನ ಪೆಟ್ಟಿಗೆಯ ಹಾಗೆ ಕೊರೆಯುತ್ತಿತ್ತು. ಅವಳು ತನ್ನ ನೀಲಿ ಸ್ವೆಟರ್ ಬಿಚ್ಚಿ ನನಗೆ ಹೊದಿಸಿದಳು. ಬೆಂಚಿನಲ್ಲಿ ಹೆಂಗಸರೂ ಗಂಡಸರೂ ಒಟ್ಟಿಗೆ. ನಮ್ಮೂರಲ್ಲಿ ಸಭೆ ಎಂದರೆ ಗಂಡಸರು ಒಳಗೆ, ನಾವು ಹೊರಗೆ ಮೆಟ್ಟಿಲ ಮೇಲೆ. ನಮ್ಮ ಕೈ ಇದ್ದದ್ದು ಬುಟ್ಟಿ ಎತ್ತುವುದಕ್ಕೆ. ಇಲ್ಲಿ ಒಳಗೆ ಕೂರಿಸಿದರಲ್ಲ ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಮಾತು ಒಂದೂ ತಿಳಿಯುತ್ತಿರಲಿಲ್ಲ. ಒಬ್ಬ ಹೆಂಗಸು ಎದ್ದು ಕೂಗಾಡಿದಳು, ಇನ್ನೊಬ್ಬಳು ಅತ್ತಳು. ಎಡ್ನಮ್ಮ ಎದ್ದು ಎರಡೇ ಮಾತಾಡಿ ಕೂತಳು. ಪ್ರಸಾದ ಆಸ್ಪತ್ರೆಗೆ ಫೋನ್ ಮಾಡಲೆಂದು ಪಕ್ಕದ ಕೋಣೆಗೆ ಹೋಗಿದ್ದ.

ಪಾದ್ರಿ ಏನೋ ಕೇಳಿದರು. ಅಲ್ಲೊಂದು ಇಲ್ಲೊಂದು ಕೈ ಏಳತೊಡಗಿತು. ಸೋಡಾಗ್ಲಾಸು ಕನ್ನಡಕ ಹಾಕಿದ ಒಬ್ಬ ಮುದುಕ ಪೆನ್ಸಿಲು ತೋರಿಸುತ್ತಾ ಎಣಿಸುತ್ತಾ ಬರುತ್ತಿದ್ದ. ಎಡ್ನಮ್ಮನ ಕೈ ಮಡಿಲಲ್ಲೇ ಇತ್ತು.

ಆಗ ಪ್ರಸಾದ ಓಡಿ ಬಂದ. ನನ್ನ ಕಿವಿಗೆ ಬಾಗಿದ.

"ಅತ್ತೆ, ಕುಡೀತಂತೆ! ಬಾಯಿಂದ! ಸುಮತಿ ಎದೆಯಿಂದಲೇ ಕುಡೀತಂತೆ ಮಗು!"

ನಾನು ಏನು ಮಾಡಬೇಕಿತ್ತು ಹೇಳಿ? ಎರಡೂ ಕೈ ತಲೆಯ ಮೇಲೆತ್ತಿ ಮುಗಿದೆ. ಅಮ್ಮಾ, ತಾಯೀ, ಕಾಪಾಡಿದೆ! ಕಣ್ಣು ಮುಚ್ಚಿ ಹಾಗೇ ಹಿಡಿದೆ. ಎಷ್ಟು ಹೊತ್ತೋ ತಿಳಿಯದು. ಕಣ್ಣು ತೆರೆದಾಗ ಪೆನ್ಸಿಲಿನ ಮುದುಕ ನಮ್ಮ ಬೆಂಚು ದಾಟಿ ಹೋಗಿದ್ದ. ಎಡ್ನಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು, ಏನೋ ಹೇಳಲು ಹೊರಟವಳ ಹಾಗೆ. ಆಮೇಲೆ ಮುಚ್ಚಿತು.

ಇನ್ನೊಮ್ಮೆ ಎಣಿಕೆಯಾಯಿತು. ಈ ಸಲ ಎಡ್ನಮ್ಮ ಕೈ ಎತ್ತಿದಳು. ಪಾದ್ರಿ ಏನೋ ಸಾರಿದರು. ಎದುರಿನ ಬೆಂಚಿನ ಇಬ್ಬರು ಹೆಂಗಸರು ಮುಖ ಮುಚ್ಚಿ ಅತ್ತರು. ಪ್ರಸಾದನಿಗೂ ಏನೂ ತಲೆಗೆ ಹೋಗಿರಲಿಲ್ಲ, ಅವನೂ ಅಳುತ್ತಿದ್ದ. ನನ್ನ ಮೊಮ್ಮಗಳು ಹಾಲು ಕುಡಿದದ್ದಕ್ಕೆ ಈ ಊರೆಲ್ಲ ಅಳುತ್ತಿದೆ, ಎಂಥ ಒಳ್ಳೆಯ ಜನ ಎಂದುಕೊಂಡು ನಾನೂ ಮನಸಾರೆ ಅತ್ತೆ.

ಮನೆಗೆ ಬಂದು ಎಡ್ನಮ್ಮ ತೊರಕೆಗೆ ಮಂಜು ತುಂಬಿಕೊಟ್ಟಳು. ಮೇಜಿನ ಪೇಪರುಗಳನ್ನು ಮಡಿಸಿದಳು. ಚಾಕುವನ್ನು ಸೋಪು ಹಾಕಿ ತೊಳೆದು, ಒರೆಸಿ, ಟವೆಲಿನಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟಳು. ನಾನು ಬೇಡ ಬೇಡ ಎಂದೆ. ಅವಳು ನನ್ನ ಬೆರಳುಗಳನ್ನು ಮಡಚಿದಳು. ನಾನು ಕಣ್ಣಿಗೊತ್ತಿಕೊಂಡು, ಎಂಥ ಗೆಳತಿ ಸಿಕ್ಕಿದಳು ಎಂದು ದೋಣಿಯುದ್ದಕ್ಕೂ ಪ್ರಸಾದನ ಮುಂದೆ ಹೊಗಳಿದ್ದೇ ಹೊಗಳಿದ್ದು.

ಆ ತೊರಕೆ ಬೇಯಿಸಿದಾಗ ಹೊಗೆಯ ಅಲಾರಂ ಕಿರುಚಿ ಮೂರು ಮಹಡಿಯ ಜನ ಕೆಳಗಿಳಿದು ನಿಂತದ್ದು ಬೇರೆ ಕಥೆ. ತೊರಕೆ ಬಾಯಿಗೆ ಹೋಗುವ ಮೊದಲೇ ಮಗು ಹಾಲು ಕುಡಿದಿತ್ತಲ್ಲ ಎಂದು ಸುಮತಿ ಇವತ್ತಿಗೂ ಕೆಣಕುತ್ತಾಳೆ. ನಾನು ಮೀನು ಆರಿಸಿದ ಗಳಿಗೆಗೇ ಅದು ಫಲ ಕೊಟ್ಟಿತು ಎನ್ನುತ್ತೇನೆ. ಮಗು ಮನೆಗೆ ಬಂತು. ವೀಸಾ ಮುಗಿದು ನಾನು ಊರಿಗೆ ಹೋದೆ. ಚಾಕುವನ್ನು ಈ ಡ್ರಾಯರಿನಲ್ಲಿಟ್ಟು ಹೋದೆ.

ನಾಲ್ಕು ವರ್ಷದ ಮೇಲೆ ಮತ್ತೆ ಬಂದೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಪ್ರಸಾದ ತಮಾಷೆಗೆಂದು ಬಾಯಿಬಿಟ್ಟ.

"ಅತ್ತೆ, ನೀವು ಅಮೆರಿಕದಲ್ಲಿ ವೋಟ್ ಹಾಕಿದೀರಂತೆ! ವಿಸಿಟರ್ ವೀಸಾದಲ್ಲಿ! ನಾನೇ ಇನ್ನೂ ಹಾಕಿಲ್ಲ."

"ರೀ, ಸುಮ್ನಿರಿ" ಎಂದಳು ಸುಮತಿ. ಅವಳ ಮುಖ ನೋಡಿ ನನಗೆ ತುತ್ತು ಕೈಯಲ್ಲೇ ಉಳಿಯಿತು.

"ಎಂತ? ಎಂತ ಮುಚ್ಚಿಟ್ಕಂಡ್ ಇದ್ರಿ ನೀವ್ ಇಬ್ರೂ?"

ಬಿಡಿಸಿ ಬಿಡಿಸಿ ಕೇಳಿದೆ. ಶೆಡ್ ಬೇಕೆನ್ನುವವರು ಕೈಯೆತ್ತಿ ಎಂದು ಪಾದ್ರಿ ಕೇಳಿದ ಗಳಿಗೆಗೆ ನನ್ನ ಕೈ ಮೇಲಿತ್ತು. ಎರಡು ಕೈ ಸೇರಿಸಿ ಹಿಡಿದದ್ದು ಆ ಸೋಡಾಗ್ಲಾಸಿಗೆ ಒಂದಾಗಿ ಕಂಡಿತು. ಎಡ್ನಾಳ ನೀಲಿ ಸ್ವೆಟರಿನ ತೋಳು ನೋಡಿ ಅವನಿಗೆ ನಾನು ಊರವಳೇ ಆಗಿ ಕಂಡಿರಬೇಕು. ಶೆಡ್ ಗೆದ್ದದ್ದು ಒಂದೇ ಕೈಯ ಹೆಚ್ಚಿನಲ್ಲಿ, ಸಮವಾಗಿದ್ದರೆ ಬಿದ್ದುಹೋಗುತ್ತಿತ್ತು.

ಎಡ್ನಮ್ಮನ ಗಂಡನನ್ನು ದಡದ ಮೇಲಿನ ಒಂದು ಆರೈಕೆ ಮನೆಗೆ ಸೇರಿಸಬೇಕಾಯಿತು. ಅಲ್ಲಿ ಅವನ ಕಿಟಕಿಯಲ್ಲಿ ಕಾರು ನಿಲ್ಲಿಸುವ ಜಾಗ ಕಾಣುತ್ತಿತ್ತಂತೆ. ಮೊದಲ ಚಳಿಗಾಲ ದಾಟಲಿಲ್ಲ. ಎಡ್ನಮ್ಮ ಮನೆ ಮುಚ್ಚಿ ಮಗಳ ಅಪಾರ್ಟ್‌ಮೆಂಟಿಗೆ ಬಂದಳು. ನಮ್ಮ ಮನೆಯಿಂದ ಮೂರು ಸಿಗ್ನಲ್ ದೂರ. ನನಗೆ ಯಾರೂ ಹೇಳಲಿಲ್ಲ.

"ಅವಳಿಗೆ ಗೊತ್ತಿತ್ತಲ್ಲ! ಪಕ್ಕದಲ್ಲೇ ಇದ್ಲಲ್ಲ! ಬಾಯ್ ಬಿಡ್ಲಿಲ್ಲೆ ಯಾಕೆ?" ಎಂದು ನಾನು ಕಿರುಚಿದೆ.

ಸುಮತಿ ಮೆಲ್ಲಗೆ ಹೇಳಿದಳು. "ಡಾನಾನೂ ಅದನ್ನೇ ಕೇಳಿದ್ಲಂತೆ ಅಮ್ಮ. 'ಚರ್ಚಿನಲ್ಲಿ ಕೂತು ದೇವರಿಗೆ ಕೈಯೆತ್ತಿದವಳಿಗೆ ಕೈ ಇಳಿಸು ಅಂತ ಹೆಂಗ್ ಹೇಳ್ಲಿ' ಅಂದ್ಲಂತೆ. ಆಮೇಲೆ ಆ ಮಾತೇ ಎತ್ತಲಿಲ್ಲೆ ಅಂಬ್ರು."

ಕೈ ತೊಳೆದು ಎದ್ದೆ. ಬದುಕಿನಲ್ಲಿ ಒಂದೇ ಒಂದು ಸಲ ಸಭೆಯೊಳಗೆ ಕೂತೆ, ಒಂದೇ ಒಂದು ಸಲ ಕೈ ಎತ್ತಿದೆ. ಅದರ ಅಡಿಯಲ್ಲಿ ಒಂದು ಸಂಸಾರ ಸಿಕ್ಕಿಕೊಂಡಿತು. ಮಗು ಚೀಪಿದ ಗಳಿಗೆ ಇನ್ನೊಂದು ಕಾಲು ಗಂಟೆ ಆಚೆ ಆಗಿದ್ದರೆ ಎಂದು ಎಣಿಸಿದೆ. ಎಣಿಸಿದ್ದಕ್ಕೆ ನಾಲಗೆ ಕಚ್ಚಿಕೊಂಡೆ. ಒಂದು ಗಳಿಗೆಯೂ ತಡವಾಗುವುದು ನನಗೆ ಬೇಡ. ಅಜ್ಜಿ ಎಂಬುದು ಎಷ್ಟು ನಾಚಿಕೆಗೆಟ್ಟ ಜಾತಿ ಎಂದು ಆವತ್ತು ತಿಳಿಯಿತು.

ಮಾರನೆಯ ಶನಿವಾರ ಪ್ರಸಾದನನ್ನು ಹೊರಡಿಸಿ, ವಾಷಿಂಗ್ಟನ್ನಿನ ನದಿದಡದ ಮೀನುಪೇಟೆಯಿಂದ ಒಂದು ಚೀಲ ಬೇಯಿಸಿದ ಏಡಿ ತಂದೆ. ಚಾಕು ಸೆರಗಿಗೆ ಸಿಕ್ಕಿಸಿಕೊಂಡೆ. ಮಾತನ್ನು ಇಂಗ್ಲಿಷಿಗೆ ಮಾಡಲು ಜನ ಬೇಕಲ್ಲ, ಸುಮತಿಯಾದರೆ ಮೆದುಮಾಡಿ ಹೇಳುತ್ತಾಳೆ ಎಂದು ಜಾನುವನ್ನೇ ಕರೆದುಕೊಂಡು ಹೋದೆ.

ಎಡ್ನಮ್ಮ ಸದ್ದು ತೆಗೆದ ಟೀವಿಯ ಮುಂದೆ ಕೂತಿದ್ದಳು. ಕೈ ಎರಡೂ ಮಡಿಲಲ್ಲಿ. ಆ ಕೆಂಪು ಹೋಗಿ ಬೆಳ್ಳಗಾಗಿದ್ದವು, ಬೇರೆ ಯಾರದೋ ಕೈ ತಂದು ಇಟ್ಟ ಹಾಗೆ. ನನ್ನನ್ನು ಕಂಡು ಗುರುತು ಹಿಡಿದಳು. ನಾನು ಮೇಜಿನ ಮೇಲೆ ಪೇಪರ್ ಹಾಸಿದೆ, ಏಡಿ ಸುರಿದೆ, ಚಾಕುವನ್ನು ಅವಳ ಮುಂದಿಟ್ಟೆ. ಅವಳು ಕುರ್ಚಿ ಎಳೆದುಕೊಂಡಳು. ಬೆರಳು ಗುಳಿಗೆ ಕೂತಿತು.

"ಜಾನು, ಹೇಳು ಮಗಾ. ಅಜ್ಜಿ ತಪ್ಪ್ ಮಾಡ್ದ್ಲು. ಆವತ್ತು ಕೈ ಎತ್ತ್‌ಬಾರ್ದಿತ್ತು. ಇವ್ರ ಮನೆ ಹೋದ್ದು ನನ್ನಿಂದ. ಹೇಳು."

ಜಾನು ಇಂಗ್ಲಿಷಿನಲ್ಲಿ ಮೂರೋ ನಾಲ್ಕೋ ಮಾತು ಹೇಳಿದಳು. ನಾನು ಹೇಳಿದ್ದರಲ್ಲಿ ಕಾಲು ಭಾಗವೂ ಇರಲಿಲ್ಲ. ಎಡ್ನಮ್ಮನ ಚಾಕು ನಿಂತಿತು. ಅವಳು ನನ್ನನ್ನು ನೋಡಲಿಲ್ಲ. ಕೈ ಒರೆಸಿಕೊಂಡು ಜಾನುವಿನ ಕಂಕುಳಿಗೆ ಕೈ ಹಾಕಿ, ಏದುಸಿರು ಬಿಡುತ್ತಾ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಒಮ್ಮೆ ಮೇಲೆ, ಒಮ್ಮೆ ಕೆಳಗೆ ತೂಗಿದಳು. ಏನೋ ಹೇಳಿದಳು.

ಜಾನು ಕಿಲಕಿಲ ನಕ್ಕಳು. "ಅಜ್ಜೀ, ನಾನು ತರ್ಟಿ ಸಿಕ್ಸ್ ಡಬ್ಬಿ ಅಂತೆ!"

ಹೊರಡುವಾಗ ಎಡ್ನಮ್ಮ ಚಾಕು ತೊಳೆದು, ಟವೆಲಿನಲ್ಲಿ ಸುತ್ತಿ, ಮತ್ತೆ ನನ್ನ ಕೈಯಲ್ಲೇ ಇಟ್ಟಳು. ಮನೆಗೆ ಬಂದು ಜಾನುವನ್ನು ಬಾತ್‌ರೂಮಿನ ತೂಕದ ಮೇಲೆ ನಿಲ್ಲಿಸಿದೆ. ಮೂವತ್ತಾರು ಪೌಂಡು. ಕಳೆದ ಚಳಿಗಾಲದಲ್ಲಿ ಎಡ್ನಮ್ಮ ಹೋದಳು. ದ್ವೀಪಕ್ಕೆ ಕೊಂಡೊಯ್ದು ಗಂಡನ ಪಕ್ಕದಲ್ಲೇ ಇಟ್ಟರಂತೆ, ನೀರಿನ ಕಡೆಯಿಂದ ಎರಡನೆಯ ಸಾಲಿನಲ್ಲಿ.

ಮೊನ್ನೆ ಇಷ್ಟನ್ನೂ ಕೇಳಿದ ಮೇಲೆ ಜಾನು ಚಾಕುವನ್ನು ಸ್ಪೂನುಗಳ ರಾಶಿಗೆ ಎಸೆದು ನನ್ನ ಮುಂದೆ ಎರಡೂ ಕೈ ಎತ್ತಿ ನಿಂತಳು.

"ಈಗ ನ್ಯೂ ನಂಬರ್ ಹೇಳು ಅಜ್ಜಿ. ನಾನು ಎಷ್ಟು ಡಬ್ಬಿ?"

ಸೊಂಟ ನೋವನ್ನು ಲೆಕ್ಕಿಸದೆ ಎತ್ತಿದೆ. ಮೇಲೆ, ಕೆಳಗೆ. ನಲವತ್ತೋ, ನಲವತ್ತೆರಡೋ. ನನ್ನ ಕೈಗೆ ಅಷ್ಟು ತಿಳಿಯುವುದಿಲ್ಲ.